ಹಾಜರಿ ಕರೆಯುವವರಿಲ್ಲದ ಕಾಲೇಜು

ಪ್ರಶ್ನೆ: ನನಗೆ 29 ವರ್ಷ. ಪಿಯುಸಿ ಪಾಸಾಗಿ ಹನ್ನೊಂದು ವರ್ಷ ಆಯಿತು. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ತುಮಕೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಭಾನುವಾರ ಮಾತ್ರ ರಜೆ. ಮಗನಿಗೆ ಐದು ವರ್ಷ. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮಾಡಬೇಕು ಅಂತ ಬಹಳ ದಿನದ ಆಸೆ. ಕೆಲಸ ಮಾಡುತ್ತಾ ಅಲ್ಲಿ ಓದಿದವರ ಅನುಭವ ನಿಜವಾಗಿ ಹೇಗಿರುತ್ತದೆ? ಚಿಕ್ಕ ಹುಡುಗರ ಮಧ್ಯೆ ಕೂರಲು ನಾಚಿಕೆ ಆಗುವುದಿಲ್ಲವೇ? ಈ ಡಿಗ್ರಿ ನಡೆಯುವುದಿಲ್ಲ ಎಂದು ನಮ್ಮೂರಿನವರೊಬ್ಬರು ಹೇಳಿದರು. ಇನ್ನೊಂದು ಕಡೆ, ಬಸ್ ಸ್ಟ್ಯಾಂಡ್ ಹತ್ತಿರದ ಆಫೀಸೊಂದರಲ್ಲಿ ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸುತ್ತೇವೆ ಎನ್ನುತ್ತಾರೆ. ನಮ್ಮತ್ತೆ ‘ಈಗ ಓದಿ ಯಾವ ಡೀಸಿ ಆಗಬೇಕು’ ಅಂತಾರೆ. ಏನು ಮಾಡಲಿ?

ಉತ್ತರ: ನಾಚಿಕೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ತುಮಕೂರಿನಲ್ಲಿ ಹದಿನೆಂಟು ವರ್ಷ ಭಾನುವಾರಗಳಂದು ಇಂಥ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ನನ್ನ ಕ್ಲಾಸಿನ ಮೊದಲ ಬೆಂಚಿನಲ್ಲಿ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಕೂರುತ್ತಿದ್ದ ಕಂಡಕ್ಟರ್ ಒಬ್ಬರಿದ್ದರು. ಅವರ ಪಕ್ಕ ಮೊಬೈಲ್ ಅಂಗಡಿಯ ಹುಡುಗ, ಹತ್ತೊಂಬತ್ತು ವರ್ಷ. ಹಿಂದೆ ಅಂಗನವಾಡಿ ಕಾರ್ಯಕರ್ತೆಯರು, ಒಬ್ಬ ಹೋಮ್ ಗಾರ್ಡ್, ಡೈರಿಯಲ್ಲಿ ಹಾಲು ಅಳೆಯುವವರು, ಮಗಳ ಮದುವೆ ಮುಗಿಸಿ ಬಂದ ಒಬ್ಬ ಗೃಹಿಣಿ. ಆ ಕೋಣೆಯಲ್ಲಿ 29 ಅಂದರೆ ಚಿಕ್ಕ ವಯಸ್ಸೇ. ನಿಮ್ಮನ್ನು ‘ಅಕ್ಕ’ ಎನ್ನುವವರೂ ಇರುತ್ತಾರೆ, ‘ಏನಮ್ಮ’ ಎನ್ನುವವರೂ ಇರುತ್ತಾರೆ. ಮೊದಲ ದಿನ ಎಲ್ಲರೂ ಬಾಗಿಲ ಹತ್ತಿರವೇ ಕೂರುತ್ತಾರೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಹೋಗುತ್ತದೆ. ಮುದ್ದೆ ತಂದವರು ಒಂದು ಕಡೆ, ಚಿತ್ರಾನ್ನ ತಂದವರು ಒಂದು ಕಡೆ ಅಂತ ಗುಂಪು ಆಗುತ್ತದೆಯೇ ಹೊರತು ವಯಸ್ಸಿನ ಮೇಲೆ ಆಗುವುದನ್ನು ನಾನು ಕಂಡಿಲ್ಲ.

ನಿಜವಾದ ಕಷ್ಟ ಬೇರೆ ಇದೆ. ಅದನ್ನು ನಿಮಗೆ ಯಾರೂ ಹೇಳಿರುವುದಿಲ್ಲ.

ನಮ್ಮ ಕಡೆಯ ಹಿರಿಯರು ಈ ಓದನ್ನು ‘ಅಂಚೆ ತೆರಪಿನ ಶಿಕ್ಷಣ’ ಎಂದೇ ಕರೆಯುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸಲು ಶುರು ಮಾಡಿದಾಗ ಬಂದ ಹೆಸರು ಅದು. ಅದೇ ಮುಂದೆ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ನಾವೆಲ್ಲ ಈಗ ಕರಾಮುವಿ ಎನ್ನುತ್ತೇವೆ. ಅಂಚೆಯಂತೂ ಹಿಂದೆ ಸರಿಯಿತು. ಆದರೆ ಆ ‘ತೆರಪು’ ಅನ್ನುವ ಮಾತು ನನಗೆ ಈಗಲೂ ಇಷ್ಟ. ತೆರಪು ಅಂದರೆ ಬಿಡುವು, ಎರಡು ಕೆಲಸಗಳ ನಡುವಿನ ಸಂದು. ಆ ಸಂದಿನಲ್ಲಿ ಓದುವವರಿಗೆ ಇರುವ ಕಾಲೇಜು ಇದು. ತೊಂದರೆ ಏನೆಂದರೆ, ಗಾರ್ಮೆಂಟ್ಸ್ ಕೆಲಸ, ಮಗು, ಅಡುಗೆ, ಹಸು ಅಂತ ಇರುವ ಮನೆಯಲ್ಲಿ ತೆರಪು ತಾನಾಗಿ ಉಳಿಯುವುದಿಲ್ಲ. ಉಳಿದರೂ ಅದರ ಮೇಲೆ ಇನ್ಯಾರೋ ಆಗಲೇ ಟವೆಲ್ ಹಾಕಿರುತ್ತಾರೆ.

ರೆಗ್ಯುಲರ್ ಕಾಲೇಜಿನಲ್ಲಿ ಎರಡು ದಿನ ಹೋಗದಿದ್ದರೆ ಮೂರನೇ ದಿನ ಯಾರೋ ಕೇಳುತ್ತಾರೆ. ಮೇಷ್ಟ್ರು ಹಾಜರಿ ಕರೆಯುತ್ತಾರೆ, ಗೆಳತಿ ಫೋನ್ ಮಾಡುತ್ತಾಳೆ, ಹಾಜರಿ ಕಮ್ಮಿ ಅಂತ ಮನೆಗೆ ಕಾಗದ ಬರುತ್ತದೆ. ಮುಕ್ತ ವಿಶ್ವವಿದ್ಯಾಲಯದಲ್ಲಿ ನೀವು ಆರು ತಿಂಗಳು ಪುಸ್ತಕ ಮುಟ್ಟದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಇದು ಆ ವ್ಯವಸ್ಥೆಯ ತಪ್ಪಲ್ಲ, ಅದು ಇರುವುದೇ ಹಾಗೆ. ನಿಮ್ಮ ಹೊತ್ತಿಗೆ ನೀವು ಓದಿಕೊಳ್ಳಿ ಎಂದು ಬಿಟ್ಟಿದ್ದಾರೆ. ಹಾಗೆ ಬಿಟ್ಟಿದ್ದೇ ಹಲವರಿಗೆ ಮುಳುವಾಗುತ್ತದೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಬಹಳ ಚುರುಕು. ಪಿಯುಸಿಯಲ್ಲಿ ಒಳ್ಳೆಯ ಅಂಕ. ಅಪ್ಪ ತೀರಿಕೊಂಡರು ಅಂತ ವಸಂತನರಸಾಪುರದ ಫ್ಯಾಕ್ಟರಿಗೆ ಸೇರಿದ. ನನ್ನ ಕ್ಲಾಸಿಗೆ ಹೆಸರು ಹಚ್ಚಿದಾಗ, ಇವನು ರ‍್ಯಾಂಕ್ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಒಂದೇ ಕ್ಲಾಸಿಗೆ ಬಂದ. ವರ್ಷ ಕಳೆದ ಮೇಲೆ ಸಿದ್ಧಗಂಗೆ ಜಾತ್ರೆಯಲ್ಲಿ ಸಿಕ್ಕಿದ. ‘ಪುಸ್ತಕದ ಕಟ್ಟು ಇನ್ನೂ ಬಿಚ್ಚೇ ಇಲ್ಲ ಸಾರ್’ ಅಂದ. ನಗುತ್ತಲೇ ಹೇಳಿದ, ಆದರೆ ನನ್ನ ಮುಖ ನೋಡಲಿಲ್ಲ. ನಾನು ನೋಡಿದಂತೆ, ಪರೀಕ್ಷೆಯಲ್ಲಿ ಫೇಲಾಗಿ ಬಿಟ್ಟವರು ಕಡಿಮೆ. ಪರೀಕ್ಷೆಯ ತನಕ ಬಾರದೆಯೇ ಬಿಟ್ಟವರೇ ಜಾಸ್ತಿ. ಫೀಸು ಕಟ್ಟಿದ ದಿನದಿಂದ ಮೊದಲ ಅಸೈನ್‌ಮೆಂಟ್ ಕೊಡುವ ದಿನದವರೆಗೆ, ಆ ಮೂರು ನಾಲ್ಕು ತಿಂಗಳಲ್ಲೇ ಎಲ್ಲವೂ ತೀರ್ಮಾನ ಆಗಿಬಿಡುತ್ತದೆ.

ಮುಗಿಸಿದವರು ಏನು ಮಾಡಿದರು? ಬುದ್ಧಿ ಜಾಸ್ತಿ ಇತ್ತು ಅಂತಲ್ಲ. ತಮ್ಮ ಹಾಜರಿ ಕರೆಯಲು ಯಾರನ್ನಾದರೂ ಹುಡುಕಿಕೊಂಡಿದ್ದರು.

ಕೊರಟಗೆರೆ ಕಡೆಯ ಮೂವರು ಅಂಗನವಾಡಿ ಕಾರ್ಯಕರ್ತೆಯರು ಒಟ್ಟಿಗೆ ಸೇರಿದ್ದರು. ಬೇರೆ ಬೇರೆ ಊರು. ಬೆಳಿಗ್ಗೆ ಐದಕ್ಕೆ ಒಬ್ಬರು ಎದ್ದು ಇನ್ನಿಬ್ಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಎದ್ದವರು ವಾಪಸ್ ಮಿಸ್ಡ್ ಕಾಲ್ ಕೊಡಬೇಕು. ಮಾತಿಲ್ಲ, ಕಥೆಯಿಲ್ಲ. ವಾರಕ್ಕೊಬ್ಬರ ಸರದಿ. ವಾಪಸ್ ಕಾಲ್ ಬರದಿದ್ದರೆ ಭಾನುವಾರ ಆ ವ್ಯಕ್ತಿ ಎಲ್ಲರಿಗೂ ಕಾಫಿ ಕೊಡಿಸಬೇಕು. ನಾನೂ ಒಂದೆರಡು ಸಲ ಆ ಕಾಫಿ ಕುಡಿದಿದ್ದೇನೆ. ಮೂವರೂ ಪಾಸಾದರು. ಅವರಲ್ಲಿ ಒಬ್ಬರಿಗೆ ಇಂಗ್ಲಿಷ್ ಪತ್ರಿಕೆ ಎರಡು ಸಲ ಹೋಯಿತು. ಮೂರನೇ ಸಲಕ್ಕೆ ದಾಟಿತು.

ಆ ಕಂಡಕ್ಟರ್ ಹೇಳಿದೆನಲ್ಲ, ಅವರಿಗೆ ಪಾವಗಡ ಕಡೆ ನೈಟ್ ಹಾಲ್ಟ್. ರಾತ್ರಿ ಊಟ ಮುಗಿಸಿ ಬಸ್ಸಿನ ಒಳಗಿನ ಲೈಟಿನಲ್ಲಿ ಓದುತ್ತಿದ್ದರು. ಡ್ರೈವರ್‌ಗೆ ಒಂದು ಕೆಲಸ ವಹಿಸಿದ್ದರು: ‘ಮಲಗೋ ಮುಂಚೆ ಇವತ್ತು ಏನು ಓದಿದೆ ಅಂತ ನನ್ನನ್ನು ಕೇಳು.’ ಡ್ರೈವರ್ ಏಳನೇ ಕ್ಲಾಸು. ಕೇಳುವುದು ಮಾತ್ರ ಒಂದು ದಿನವೂ ಬಿಡಲಿಲ್ಲ. ಅವನಿಗೆ ಅರ್ಥ ಆಗುವ ಹಾಗೆ ಹೇಳಬೇಕಲ್ಲ, ಅದರಲ್ಲೇ ಕಂಡಕ್ಟರ್‌ಗೆ ಅರ್ಧ ಪಾಠ ಕುಳಿತಿತು. ಮೂರು ವರ್ಷದ ಡಿಗ್ರಿಯನ್ನು ಐದು ವರ್ಷದಲ್ಲಿ ಮುಗಿಸಿದರು. ಅದರ ಬಗ್ಗೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ‘ನಮ್ದು ಆರ್ಡಿನರಿ ಬಸ್ಸು ಸಾರ್, ಎಲ್ಲಾ ಸ್ಟಾಪೂ ಕೊಡಬೇಕು’ ಎನ್ನುತ್ತಿದ್ದರು.

ಹಾಗಾಗಿ ಅರ್ಜಿ ಹಾಕುವ ಮೊದಲೇ ಯೋಚಿಸಿ, ನಿಮ್ಮ ಹಾಜರಿ ಯಾರು ಕರೆಯುತ್ತಾರೆ? ನಿಮ್ಮ ಲೈನಿನಲ್ಲೇ ಓದುವ ಆಸೆ ಇರುವ ಇನ್ನೊಬ್ಬರು ಇದ್ದೇ ಇರುತ್ತಾರೆ, ಬಾಯಿ ಬಿಟ್ಟಿರುವುದಿಲ್ಲ ಅಷ್ಟೇ. ಊಟದ ಹೊತ್ತಿನಲ್ಲಿ ನೀವೇ ಮೊದಲು ಹೇಳಿ ನೋಡಿ. ಯಾರೂ ಸಿಗದಿದ್ದರೆ ಯಜಮಾನರು, ಅವರೂ ಆಗದಿದ್ದರೆ ಮಗ. ಐದು ವರ್ಷದ ಹುಡುಗನಿಗೆ ಅಮ್ಮನ ಹೋಮ್‌ವರ್ಕ್ ನೋಡುವುದು ಅಂದರೆ ಆಟ ಇದ್ದ ಹಾಗೆ. ಸ್ಕೂಲಿನ ಮಿಸ್‌ಗಿಂತ ಕಟ್ಟುನಿಟ್ಟಾಗಿರುತ್ತಾನೆ.

ಈಗ ಗಂಟೆಯ ಲೆಕ್ಕ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ದೂರ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ವರ್ಷಕ್ಕೆ 40 ಕ್ರೆಡಿಟ್ ಎಂದು ಇಟ್ಟುಕೊಂಡರೆ 1,200 ಗಂಟೆ. ವಾರಕ್ಕೆ ಹಂಚಿದರೆ 23 ಗಂಟೆ. ಕಾಗದದ ಮೇಲಿನ ಈ ಲೆಕ್ಕದಷ್ಟು ಓದಿದ ಕೆಲಸಗಾರರನ್ನು ನಾನು ಈವರೆಗೆ ನೋಡಿಲ್ಲ. ವಾರಕ್ಕೆ ಹತ್ತು ಗಂಟೆ ಬಿಡದೆ ಓದಿದವರು ಪಾಸಾಗಿದ್ದಾರೆ. ಐದು ಗಂಟೆಗಿಂತ ಕೆಳಗೆ ಇಳಿದವರು ಪರೀಕ್ಷೆ ಹತ್ತಿರ ಬಂದಾಗ ಗೈಡು ಹುಡುಕಿಕೊಂಡು ಅಲೆದಿದ್ದಾರೆ.

ನಿಮಗೆ ಹತ್ತು ಗಂಟೆ ಎಲ್ಲಿಂದ ಬರುತ್ತದೆ? ಬೆಳಿಗ್ಗೆ ಐದರಿಂದ ಆರು, ವಾರಕ್ಕೆ ಆರು ದಿನ. ಭಾನುವಾರ ನಾಲ್ಕು ಗಂಟೆ. ಅಷ್ಟೇ, ಸರಿಹೋಯಿತು. ರಾತ್ರಿ ಓದುತ್ತೇನೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಇಡೀ ದಿನ ಮೆಷಿನ್ ತುಳಿದು, ಟಾರ್ಗೆಟ್ ಮುಗಿಸಿ ಬಂದವರಿಗೆ ಒಂಬತ್ತರ ಮೇಲೆ ಅಕ್ಷರ ಓಡುತ್ತವೆ, ಕಣ್ಣು ನಿಲ್ಲುತ್ತದೆ. ಓಟಿ ಇರುವ ದಿನಗಳಲ್ಲಂತೂ ಕೇಳಲೇಬೇಡಿ. ಮನೆಯಲ್ಲಿ ಜಾಗ ಇಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಲೈಬ್ರರಿ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಭಾನುವಾರ ತೆರೆದಿರುತ್ತದೆಯೇ, ಯಾವ ಹೊತ್ತು ಎಂದು ಅಲ್ಲಿರುವವರನ್ನೇ ಕೇಳಿಕೊಳ್ಳಿ.

ಕಂಪನಿ ಬಸ್ಸಿನ ಹೊತ್ತಿಗೂ ಒಂದು ಉಪಾಯ ಇದೆ. ನಿಮ್ಮಂತೆ ಗಾರ್ಮೆಂಟ್ಸ್‌ನಲ್ಲಿದ್ದ ಒಬ್ಬ ಹೆಣ್ಣುಮಗಳು ಕಲಿಸಿದ್ದು ಇದು. ಭಾನುವಾರ ಪಾಠವನ್ನು ತಾನೇ ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ವಾರವಿಡೀ ಬಸ್ಸಿನಲ್ಲಿ ಒಂದು ಕಿವಿಗೆ ಅದನ್ನು ಹಾಕಿಕೊಂಡು ಕೇಳುವುದು. ‘ನನ್ನ ದನಿ ಕೇಳಿ ಕೇಳಿ ನನಗೇ ಬೇಜಾರಾಯ್ತು ಸಾರ್, ಆದ್ರೆ ಸಮಾಜಶಾಸ್ತ್ರ ಬಾಯಿಪಾಠ ಆಯ್ತು’ ಅಂದಳು. ಅವಳ ರೆಕಾರ್ಡಿಂಗ್‌ನಲ್ಲಿ ಹಿಂದೆ ಕುಕ್ಕರ್ ಕೂಗುವುದು, ಮಗು ಅಳುವುದು ಎಲ್ಲವೂ ಇತ್ತು.

ಹತ್ತು ಗಂಟೆಯ ಲೆಕ್ಕದಲ್ಲಿ ಮೂರೇ ವರ್ಷಕ್ಕೆ ಮುಗಿಸಬೇಕು ಎಂಬ ಹಟ ಬೇಡ. ಒಂದೆರಡು ಪತ್ರಿಕೆ ಉಳಿಸಿಕೊಂಡು ಮುಂದಿನ ಸಲ ಬರೆಯುವುದು ಇಲ್ಲಿ ಅವಮಾನ ಅಲ್ಲ. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಮೂರು ವರ್ಷದ ಪದವಿಗೆ ಆರು ವರ್ಷದವರೆಗೆ ಅವಕಾಶ ಕೊಡುತ್ತದೆ. ನಿಧಾನವಾಗಿ ಓದುವವರೂ ಇರುತ್ತಾರೆ ಎಂದು ಗೊತ್ತಿದ್ದೇ ಇಂಥ ವಿಶ್ವವಿದ್ಯಾಲಯಗಳನ್ನು ಕಟ್ಟಿದ್ದು.

ಇಗ್ನೋನಾ, ಕರಾಮುವಿನಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯಬೇಕು ಅಂದರೆ ಕರಾಮುವಿ. ಇಗ್ನೋ ಬಿ.ಎ. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಹನ್ನೊಂದು ವರ್ಷದ ನಂತರ ಪುಸ್ತಕ ಹಿಡಿಯುತ್ತಿದ್ದೀರಿ. ಓದುವ ಕಷ್ಟದ ಜೊತೆ ಭಾಷೆಯ ಕಷ್ಟವನ್ನೂ ಯಾಕೆ ತಲೆ ಮೇಲೆ ಹೊತ್ತುಕೊಳ್ಳುತ್ತೀರಿ? ಕರಾಮುವಿಯ ಮುಖ್ಯ ಕಚೇರಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿದೆ. ನೀವು ಅಲ್ಲಿಯವರೆಗೆ ಹೋಗಬೇಕಿಲ್ಲ, ತುಮಕೂರಿನಲ್ಲೇ ಪ್ರಾದೇಶಿಕ ಕೇಂದ್ರ ಇದೆ. ಗುಬ್ಬಿಯಿಂದ ಸುಮಾರು 20 ಕಿಲೋಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ. ಮೊದಲು ‘ಬಸ್ ಚಾರ್ಜಿಗೆ ಕಾಸಿಲ್ಲ’ ಅಂತ ಕ್ಲಾಸ್ ತಪ್ಪಿಸುತ್ತಿದ್ದವರು ನನಗೆ ಗೊತ್ತು. ಆ ಒಂದು ನೆವ ಈಗ ಇಲ್ಲ.

ವಿಷಯ ಆರಿಸಿಕೊಳ್ಳುವಾಗ ಒಂದು ಎಚ್ಚರ. ‘ಕನ್ನಡ ತಾನೇ, ನಮ್ಮ ಭಾಷೆ, ಸುಲಭ’ ಅಂತ ಐಚ್ಛಿಕ ಕನ್ನಡ ತೆಗೆದುಕೊಳ್ಳುವವರು ಬಹಳ ಜನ. ಹಳಗನ್ನಡದ ಪದ್ಯ ಬಂದಾಗ ಮುಖ ಬಾಡುತ್ತದೆ. ಇಷ್ಟ ಇದ್ದರೆ ಖಂಡಿತ ತೆಗೆದುಕೊಳ್ಳಿ, ಅದರಷ್ಟು ರುಚಿಯಾದ ವಿಷಯ ಇನ್ನೊಂದಿಲ್ಲ. ಸುಲಭ ಅಂತ ಮಾತ್ರ ಬೇಡ. ದಿನಾ ಪೇಪರ್ ಓದುವ ಅಭ್ಯಾಸ ಇದ್ದರೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಬೇಗ ಕೈಗೆ ಹತ್ತುತ್ತವೆ.

ಅಲ್ಲಿ ಕೊಡುವ ಪುಸ್ತಕಗಳನ್ನು ಸಿದ್ಧಪಾಠ ಎನ್ನುತ್ತಾರೆ. ಮೇಷ್ಟ್ರು ಎದುರಿಗಿಲ್ಲದೆ ಓದಿಕೊಳ್ಳಲು ಬರೆದವು. ಪಾಠದ ಮಧ್ಯೆ ಸಣ್ಣ ಸಣ್ಣ ಪ್ರಶ್ನೆಗಳು ಇರುತ್ತವೆ. ಅವನ್ನು ದಾಟಿ ಓಡಬೇಡಿ. ಹೆಚ್ಚಿನವರು ಓಡುತ್ತಾರೆ, ಕೊನೆಗೆ ಅಂಥದ್ದೇ ಪ್ರಶ್ನೆ ಪರೀಕ್ಷೆಯಲ್ಲಿ ಕಂಡು ಹಣೆ ಹಣೆ ಬಡಿದುಕೊಳ್ಳುತ್ತಾರೆ. ಅಸೈನ್‌ಮೆಂಟ್ ವಿಷಯವೂ ಅಷ್ಟೇ. ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಆಯೋಗ ಯುಜಿಸಿಯ 2020ರ ನಿಯಮದಂತೆ ದೂರ ಶಿಕ್ಷಣದಲ್ಲಿ ಆಂತರಿಕ ಅಂಕ ಹೆಚ್ಚೆಂದರೆ ಶೇ. 30, ಉಳಿದದ್ದು ಕೊನೆಯ ಪರೀಕ್ಷೆಗೆ. ಮನೆಯಲ್ಲಿ ಕೂತು, ಪುಸ್ತಕ ನೋಡಿಕೊಂಡು ಬರೆಯುವ ಅಂಕ ಅದು. ಅದನ್ನೂ ಬೇರೆಯವರ ಕೈಯಲ್ಲಿ ಬರೆಸುವವರಿದ್ದಾರೆ. ಅದಕ್ಕೂ ಒಂದು ರೇಟು ಇದೆ ಅಂತ ಕೇಳಿದ್ದೇನೆ. ನಾನು ಅಸೈನ್‌ಮೆಂಟ್ ನೋಡುವಾಗ ಒಂದೇ ಕೈಬರಹದಲ್ಲಿ ನಾಲ್ಕು ಹೆಸರು ಬಂದದ್ದುಂಟು. ನಾಲ್ಕರಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪು!

ನೀವೇ ಬರೆಯಿರಿ ಎಂದು ನಾನು ಹಟ ಮಾಡುವುದಕ್ಕೆ ನೀತಿಗಿಂತ ದೊಡ್ಡ ಕಾರಣ ಒಂದಿದೆ, ಕೈ. ಹನ್ನೊಂದು ವರ್ಷ ಪೆನ್ನು ಹಿಡಿಯದ ಕೈ ಮೂರು ಗಂಟೆ ಬರೆಯುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದೂವರೆ ಗಂಟೆಗೆ ಕೈ ಸೋತು, ಗೊತ್ತಿರುವ ಉತ್ತರವನ್ನೇ ಬಿಟ್ಟು ಎದ್ದು ಬಂದವರು ಎಷ್ಟೋ ಜನ. ನಿಮ್ಮ ಬೆರಳು ಸೂಜಿಗೆ, ಬಟ್ಟೆಗೆ ಒಗ್ಗಿವೆ, ಪೆನ್ನಿಗೆ ಇನ್ನೂ ಒಗ್ಗಬೇಕು. ದಿನಾ ಅರ್ಧ ಪುಟ ಬರೆಯಿರಿ. ಏನಾದರೂ ಸರಿ. ದಿನಸಿ ಚೀಟಿಯಾದರೂ ಪೂರ್ತಿ ವಾಕ್ಯದಲ್ಲಿ ಬರೆಯಿರಿ, ನಗಬೇಡಿ.

ಪರೀಕ್ಷೆಗಳು ಕೆಲಸದ ದಿನಗಳಲ್ಲೂ ಬರುತ್ತವೆ. ಇದು ಬಹಳ ಜನರಿಗೆ ಕೊನೆ ವಾರದಲ್ಲಿ ಗೊತ್ತಾಗುವ ಸಂಗತಿ. ಫ್ಯಾಕ್ಟರಿ ಕೆಲಸದಲ್ಲಿ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ ಎಂಬ ಲೆಕ್ಕ ಇದೆ, ಅಂದರೆ 280 ದಿನಕ್ಕೆ 14. ವರ್ಷದ ಶುರುವಿನಲ್ಲೇ ಅದನ್ನು ಪರೀಕ್ಷೆಗೆ ಅಂತ ಎತ್ತಿಡಿ. ಹಬ್ಬ, ಮದುವೆ, ಗೃಹಪ್ರವೇಶ ಅಂತ ಖರ್ಚು ಮಾಡಿದರೆ ಪರೀಕ್ಷೆ ದಿನ ಸಂಬಳ ಕಟ್. ವೇಳಾಪಟ್ಟಿ ಬಂದ ದಿನವೇ ಸೂಪರ್‌ವೈಸರ್‌ಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಶಿಪ್‌ಮೆಂಟ್ ಬಂದ ದಿನ ಯಾರಿಗೂ ನೆನಪಿರುವುದಿಲ್ಲ.

ಹಾಲ್ ಟಿಕೆಟ್ ವಿಷಯದಲ್ಲಿ ನನ್ನದೇ ಒಂದು ಕಥೆ ಇದೆ. ನಾನು ಎಂ.ಎ. ಮಾಡಿದ್ದೂ ಅಂಚೆಯಲ್ಲೇ, ಹೆಸರು ಬೇಡ, ಒಂದು ವಿಶ್ವವಿದ್ಯಾಲಯದಿಂದ. ಕೊನೆಯ ವರ್ಷದ ಅಂಕಪಟ್ಟಿ ಬಂತು, ಒಂದು ಪತ್ರಿಕೆಗೆ ‘ಗೈರುಹಾಜರಿ’ ಅಂತ ಇತ್ತು. ನಾನು ಬರೆದಿದ್ದೆ! ಮೂರು ಗಂಟೆ ಬೆವರು ಸುರಿಸಿ ಬರೆದಿದ್ದೆ. ಎಂಟು ತಿಂಗಳು ಅಲೆದೆ. ಕೊನೆಗೆ ನನ್ನನ್ನು ಉಳಿಸಿದ್ದು ಹಾಲ್ ಟಿಕೆಟ್ ಹಿಂದೆ ಆ ದಿನದ ಕೊಠಡಿ ಮೇಲ್ವಿಚಾರಕರು ಹಾಕಿದ್ದ ಸಹಿ. ಅದನ್ನು ನಾನು ಜೋಪಾನ ಮಾಡಿದ್ದು ಜಾಣತನದಿಂದ ಅಲ್ಲ. ಅಮ್ಮ ಕಾಗದ ಎಸೆಯಲು ಬಿಡುತ್ತಿರಲಿಲ್ಲ, ಅದಕ್ಕೆ. ಫೀಸಿನ ರಸೀದಿ, ಹಾಲ್ ಟಿಕೆಟ್, ಅಸೈನ್‌ಮೆಂಟ್ ಕೊಟ್ಟದ್ದಕ್ಕೆ ಸಿಕ್ಕ ಸ್ವೀಕೃತಿ, ಎಲ್ಲವನ್ನೂ ಒಂದು ಫೈಲಿನಲ್ಲಿಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಪದವಿ ಪ್ರಮಾಣಪತ್ರ ಕೈಗೆ ಬರುವ ತನಕ ಒಂದು ಚೂರನ್ನೂ ಬಿಸಾಕಬೇಡಿ.

ಇನ್ನು ಡಿಗ್ರಿ ನಡೆಯುತ್ತದೋ ಇಲ್ಲವೋ ಎಂಬ ಮಾತು. ನಿಮ್ಮೂರಿನವರು ಸುಮ್ನೆ ಹೇಳಿಲ್ಲ, ಹಳೆಯ ಒಂದು ನಿಜ ಅವರ ತಲೆಯಲ್ಲಿದೆ. ರಾಜ್ಯದ ಹೊರಗೆಲ್ಲ ಕೇಂದ್ರಗಳನ್ನು ತೆರೆದದ್ದು, ನಡೆಸಬಾರದ ತಾಂತ್ರಿಕ ಕೋರ್ಸ್ ನಡೆಸಿದ್ದು ಮುಂತಾದ ಕಾರಣಕ್ಕೆ ಕರಾಮುವಿಗೆ 2013-14ರಿಂದ ಯುಜಿಸಿ ಮಾನ್ಯತೆ ಇರಲಿಲ್ಲ. ಆ ವರ್ಷಗಳಲ್ಲಿ ಸೇರಿದ್ದವರು ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಆದ ನೋವು ಸಣ್ಣದಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು, 2018-19ರಿಂದ ಪ್ರವೇಶ ಮತ್ತೆ ಶುರುವಾಯಿತು. ಮಾನ್ಯತೆ ಇರುವ ಸಂಸ್ಥೆಯ ದೂರ ಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿಯ 2020ರ ನಿಯಮದಲ್ಲೇ ಬರೆದಿದೆ. 2022ರಲ್ಲಿ ಮತ್ತೊಮ್ಮೆ ಪ್ರಕಟಣೆ ಹೊರಡಿಸಿ ಅದನ್ನೇ ಹೇಳಿದೆ. ಆದರೂ ಒಂದು ಕೆಲಸ ಮಾಡಿ. ಸೇರುವ ದಿನ ಯುಜಿಸಿಯ ದೂರ ಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಆ ವರ್ಷಕ್ಕೆ, ನೀವು ಆರಿಸಿದ ಕೋರ್ಸಿಗೆ ಒಪ್ಪಿಗೆ ಇದೆಯೇ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಎಲ್ಲ ಕೋರ್ಸಿಗೂ ಇದೆ ಎಂದಲ್ಲ.

ಸರ್ಕಾರಿ ಕೆಲಸದ ಆಸೆ ನಿಮಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ವಯಸ್ಸು ಮೀರಿಲ್ಲ. ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ ಬೇಕು. ವಯಸ್ಸಿನ ಮಿತಿ ಸಾಮಾನ್ಯ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40. ಆಗಾಗ ಸರ್ಕಾರ ಸಡಿಲಿಕೆ ಕೊಡುವುದೂ ಉಂಟು. ನೀವು ನಾಲ್ಕು ವರ್ಷ ತೆಗೆದುಕೊಂಡರೂ 33. ಆದರೆ ಡಿಗ್ರಿ ಬಂದ ಕೂಡಲೇ ಕೆಲಸ ಬಾಗಿಲಿಗೆ ಬರುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳು. ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಮೊದಲಿದ್ದ ಕೆಲಸದಲ್ಲೇ ಇದ್ದಾರೆ. ಕೆಲವರಿಗೆ ಬಡ್ತಿ ಸಿಕ್ಕಿತು. ಕೆಲವರಿಗೆ ಸಂಬಳದಲ್ಲಿ ಏನೂ ಆಗಲಿಲ್ಲ, ಆದರೆ ಮಕ್ಕಳ ಸ್ಕೂಲಿನ ಮೀಟಿಂಗ್‌ನಲ್ಲಿ ಮಾತಾಡುವ ದನಿ ಬೇರೆಯಾಯಿತು.

ಬಸ್ ಸ್ಟ್ಯಾಂಡ್ ಹತ್ತಿರದ ಆಫೀಸಿಗೆ ಮಾತ್ರ ಕಾಲಿಡಬೇಡಿ ಕಣಮ್ಮ. ಮೂರು ವರ್ಷದ ಪದವಿಯನ್ನು ಒಂದು ವರ್ಷದಲ್ಲಿ ಯಾವ ಮಾನ್ಯತೆ ಇರುವ ವಿಶ್ವವಿದ್ಯಾಲಯವೂ ಕೊಡುವುದಿಲ್ಲ, ಕೊಡುವಂತೆಯೂ ಇಲ್ಲ. ದೂರ ಶಿಕ್ಷಣವನ್ನು ಖಾಸಗಿಯವರಿಗೆ ಫ್ರಾಂಚೈಸಿ ಕೊಟ್ಟು ನಡೆಸುವುದಕ್ಕೂ ಯುಜಿಸಿಯ ಒಪ್ಪಿಗೆ ಇಲ್ಲ. ರಾಜ್ಯದ ಮುಕ್ತ ವಿಶ್ವವಿದ್ಯಾಲಯ ತನ್ನ ರಾಜ್ಯದ ಒಳಗೆ ಮಾತ್ರ ದೂರ ಶಿಕ್ಷಣ ನಡೆಸಬೇಕು. ಹಾಗಾಗಿ ಎಲ್ಲೋ ದೂರದ ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಬೋರ್ಡು ತುಮಕೂರಿನಲ್ಲಿ ಕಂಡರೆ ಅನುಮಾನ ಪಡಿ. ‘ಹಳೆಯ ವರ್ಷದ ದಾಖಲಾತಿ ತೋರಿಸಿ ಕೊಡಿಸುತ್ತೇವೆ’ ಎನ್ನುತ್ತಾರೆ. ಅಂಥ ಕಾಗದ ಮುಂದೊಂದು ದಿನ ದಾಖಲೆ ಪರಿಶೀಲನೆಗೆ ಹೋದಾಗ ಕೆಲಸ ಹೋಗುವುದರ ಜೊತೆಗೆ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಿಸುತ್ತದೆ. ಮುಂಗಡ ಕೊಟ್ಟಿದ್ದರೆ ರಸೀದಿ ಇಟ್ಟುಕೊಂಡು ಈಗಲೇ ವಾಪಸ್ ಕೇಳಿ.

ಈಗ ಕೈಗೆತ್ತಿಕೊಳ್ಳಬೇಕಾದ ಒಂದು ಕೆಲಸ ಇದೆ, ಬೇರೆಲ್ಲದಕ್ಕಿಂತ ಮುಂಚೆ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಪಕ್ಕಪಕ್ಕ ಇಟ್ಟು ಹೆಸರು ನೋಡಿ. 2024ರಿಂದ ದೂರ ಶಿಕ್ಷಣಕ್ಕೆ ಸೇರುವವರಿಗೆ ಡಿಇಬಿ ಐಡಿ, ಅಂದರೆ ಯುಜಿಸಿಯ ದೂರ ಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಕಡ್ಡಾಯ. ಅದಕ್ಕೆ ಎಬಿಸಿ ಐಡಿ, ಅಂದರೆ ನಿಮ್ಮ ಕ್ರೆಡಿಟ್‌ಗಳ ಲೆಕ್ಕ ಇಡುವ ಖಾತೆಯ ಸಂಖ್ಯೆ, ಬೇಕು, ಅದಕ್ಕೆ ಆಧಾರ್ ಬೇಕು. ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲೇ ಸಿಕ್ಕು. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಒಂದರಲ್ಲಿ ‘ಮ್ಮ’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇನ್ನೂ ಒಂದು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು? ನಮ್ಮ ಕಡೆ ಹತ್ತರಲ್ಲಿ ಅರ್ಧ ಜನರದ್ದು ಯಜಮಾನರ ನಂಬರೇ. ಒಟಿಪಿ ಬರುವ ಹೊತ್ತಿಗೆ ಅವರು ಟೆಂಪೋ ಓಡಿಸಿಕೊಂಡು ಶಿರಾ ಗೇಟಿನಲ್ಲಿರುತ್ತಾರೆ. ಅರ್ಜಿಯ ಕೊನೆ ದಿನ ಇದಕ್ಕಾಗಿ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ. ಮೊದಲು ಸರಿಪಡಿಸಿಕೊಂಡು, ಆಮೇಲೆ ಅಂಕಪಟ್ಟಿಗಳನ್ನು ತೆಗೆದುಕೊಂಡು ಪ್ರಾದೇಶಿಕ ಕೇಂದ್ರಕ್ಕೆ ಹೋಗಿ. ಪ್ರವೇಶ ಸಾಮಾನ್ಯವಾಗಿ ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ಇರುತ್ತದೆ. ಶುಲ್ಕ ಮತ್ತು ರಿಯಾಯಿತಿ ಯಾರಿಗೆ ಎಷ್ಟು ಎಂಬುದು ಆ ಸಲದ ಕೈಪಿಡಿಯಲ್ಲಿರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ, ಬಿಪಿಎಲ್ ಕಾರ್ಡ್ ಜೊತೆಯಲ್ಲೇ ಒಯ್ಯಿರಿ, ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ಉಳಿದದ್ದು ನಿಮ್ಮತ್ತೆಯ ಮಾತು. ‘ಯಾವ ಡೀಸಿ ಆಗಬೇಕು’ ಎಂಬುದಕ್ಕೆ ಉತ್ತರ ಕೊಡಲು ಹೋಗಬೇಡಿ, ಅದು ಪ್ರಶ್ನೆಯೇ ಅಲ್ಲ. ಅವರು ಒಳಗೆ ಕೇಳುತ್ತಿರುವುದು ಬೇರೆ: ಮಗುವನ್ನು ಯಾರು ನೋಡಿಕೊಳ್ಳಬೇಕು, ಭಾನುವಾರದ ಕೆಲಸ ಯಾರ ತಲೆಗೆ ಬರುತ್ತದೆ? ಅದಕ್ಕೆ ಲೆಕ್ಕ ಹೇಳಿ. ತಿಂಗಳಲ್ಲಿ ಎಷ್ಟು ಭಾನುವಾರ ಕ್ಲಾಸು, ವರ್ಷದಲ್ಲಿ ಎಷ್ಟು ದಿನ ಪರೀಕ್ಷೆ, ಆ ದಿನಗಳಲ್ಲಿ ಅವರಿಂದ ಏನು ಬೇಕು ಅಂತ ಕ್ಯಾಲೆಂಡರ್ ಮುಂದಿಟ್ಟು ಗುರುತು ಹಾಕಿ ತೋರಿಸಿ. ‘ಇಡೀ ಮೂರು ವರ್ಷ ಓದುತ್ತೇನೆ’ ಎಂದರೆ ಯಾವ ಅತ್ತೆಯೂ ಹೂಂ ಅನ್ನುವುದಿಲ್ಲ. ‘ಈ ಹನ್ನೆರಡು ದಿನ ಮಗೂನ ನೋಡ್ಕೊಳ್ಳಿ’ ಅಂದರೆ ಚೌಕಾಸಿಗಾದರೂ ಇಳಿಯುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳ ಅತ್ತೆ ಹಾಗೆ ಚೌಕಾಸಿ ಮಾಡಿ, ಹನ್ನೆರಡನ್ನು ಎಂಟಕ್ಕೆ ಇಳಿಸಿ, ಉಳಿದ ನಾಲ್ಕು ದಿನಕ್ಕೆ ತಾನೇ ಮೊಮ್ಮಗುವನ್ನು ಎತ್ತಿಕೊಂಡು ಪರೀಕ್ಷಾ ಕೇಂದ್ರದ ಹೊಂಗೆ ಮರದ ಕೆಳಗೆ ಕೂತಿದ್ದರು. ಬೆಲ್ ಹೊಡೆದು ಸೊಸೆ ಹೊರಗೆ ಬಂದ ಕೂಡಲೇ ಮಗುವನ್ನು ಕೈಗಿಟ್ಟು ಕೇಳಿದ್ದು, ‘ಎಲ್ಲಾ ಪ್ರಶ್ನೇನೂ ಬರೆದ್ಯೋ, ಬಿಟ್ಟು ಬಂದ್ಯೋ?’